ಹಳೇ ಫ್ರಾಕಿನ ಅಳತೆಗೆ ಮಾಡಿದ ಕವಚ

ಹೆಂಚಿನ ಕಸುಬಿಗೆ ಬಂದವನಿಗೆ ಮೊದಲು ಕಲಿಸುವುದು ಕುಗ್ಗುವ ಲೆಕ್ಕ. ಹಸಿ ಮಣ್ಣು ಒಣಗಿದಾಗ ಕುಗ್ಗುತ್ತದೆ, ಗೂಡಿನಲ್ಲಿ ಬೆಂದಾಗ ಇನ್ನೂ ಸ್ವಲ್ಪ ಕುಗ್ಗುತ್ತದೆ. ಅದಕ್ಕಾಗಿ ಅಚ್ಚು ಯಾವಾಗಲೂ ಬೇಕಾದ ಹೆಂಚಿಗಿಂತ ದೊಡ್ಡದಿರಬೇಕು. ಮಾಲೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಪ್ಲಾಸ್ಟರಿನ ಅಚ್ಚು ಎರಕ ಹೊಯ್ಯುವುದು ನನ್ನ ಕೆಲಸವಾಗಿತ್ತು. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ ಎಷ್ಟು ಕುಗ್ಗುತ್ತದೆಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು. ಎಂಬತ್ತರ ದಶಕದ ಶುರುವಿನ ಒಂದು ಚಳಿಗಾಲದಲ್ಲಿ ಆ ಜಂಬವನ್ನು ಕಟ್ಟಿಕೊಂಡೇ ನಾನು ನನ್ನ ಮಗಳಿಗೆ ಕವಚ ಮಾಡಲು ಕೂತೆ.

ಮಗಳು ನನ್ನ ಜೊತೆ ಇರಲಿಲ್ಲ. ಅವಳು ಎರಡು ವರ್ಷದವಳಿದ್ದಾಗ ಅವಳ ತಾಯಿ ತೀರಿಕೊಂಡಳು. ಮಗುವನ್ನು ಮುಳಬಾಗಿಲಿನ ಅತ್ತೆ ತಮ್ಮ ಮನೆಗೆ ಕರೆದುಕೊಂಡು ಹೋದರು, ನಾನು ಮಾಲೂರಿನ ಒಂದು ವಠಾರದ ಒಂಟಿ ಕೋಣೆಗೆ ಬಂದೆ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ನೋಡಿಕೊಂಡು ಬರುವುದು ಅಂದರೆ ಹಜಾರದ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುವುದು. ಆ ಮನೆಯಲ್ಲಿ ಮಾತೆಲ್ಲ ತೆಲುಗು, ನನ್ನ ಮುಂದೆ ಮಾತ್ರ ಕನ್ನಡ. ಮಗಳು ತನ್ನ ಸೋದರಮಾವನನ್ನು ಮನೆಯ ಬೇರೆ ಮಕ್ಕಳಂತೆ ‘ನಾಯ್ನಾ’, ಅಂದರೆ ಅಪ್ಪ, ಎಂದೇ ಕರೆಯುತ್ತಿದ್ದಳು. ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಲೋಟ ತಂದು ಕುರ್ಚಿಯ ಪಕ್ಕ ಇಟ್ಟು ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಆಗ ಅವಳಿಗೆ ಎಂಟು ವರ್ಷ.

ಹಿಂದಿನ ಬೇಸಿಗೆಯಲ್ಲಿ, ರಜಕ್ಕೆ ಅವಳನ್ನು ಮಾಲೂರಿಗೆ ಕಳಿಸಿ ಎಂದು ಕೇಳಿದ್ದೆ. ಅತ್ತೆ ಕೆಟ್ಟವರಲ್ಲ, ನೇರ ಮಾತಿನವರು.

"ಅವಳೇ ಬಾಯ್ಬಿಟ್ಟು ಹೋಗ್ತೀನಿ ಅನ್ಲಿ, ಕರ್ಕೊಂಡೋಗಿ. ಹೋಗು ಅಂತ ನಾನು ತಳ್ಳಲ್ಲ. ತಾಯಿ ಇಲ್ದಿರೋ ಕೂಸು," ಎಂದರು.

ಅವಳು ಅನ್ನಲಿಲ್ಲ. ನಾನು ಒಬ್ಬನೇ ವಾಪಸ್ಸು ಬಂದೆ. ಕೋಲಾರದಲ್ಲಿ ಬಸ್ಸು ಬದಲಾಯಿಸುವಾಗ, ಅವಳಿಗೆಂದು ಮೊದಲೇ ಕೊಂಡಿಟ್ಟಿದ್ದ ಹೊಸ ಚಾಪೆ ಮನೆಯ ಮೂಲೆಯಲ್ಲಿ ಸುತ್ತಿಟ್ಟ ಹಾಗೇ ಇರುತ್ತದಲ್ಲ ಎಂದು ನೆನಪಾಗಿ ತುಂಬ ಸಂಕಟವಾಯಿತು.

ಕವಚದ ಮಾತು ಬಂದದ್ದು ದೀಪಾವಳಿ ಕಳೆದ ಮೇಲೆ. ಸ್ಕೂಲಿನ ವಾರ್ಷಿಕೋತ್ಸವಕ್ಕೆ ವೇಷದ ಸ್ಪರ್ಧೆ. ಮಿಕ್ಕ ಹುಡುಗಿಯರೆಲ್ಲ ರಾಣಿ, ಭಾರತಮಾತೆ ಎಂದು ಹೆಸರು ಕೊಟ್ಟಿದ್ದರೆ ಇವಳು ವಾರಪತ್ರಿಕೆಯಲ್ಲಿ ಬರುತ್ತಿದ್ದ ಚಿತ್ರಕತೆಯ ಹೀರೋ ಆಗಬೇಕೆಂದು ಹಟ ಹಿಡಿದಿದ್ದಳು. ಮೈತುಂಬ ಉಕ್ಕಿನ ಕವಚ, ಕಣ್ಣಿಗೆ ಕಪ್ಪು ಗಾಜು, ಗುಂಡು ಹೊಡೆದರೂ ತಾಗದವನು. ಭಾಮೈದ ಪುಟ ತಂದು ನನ್ನ ಕೈಗೆ ಕೊಟ್ಟು ನಕ್ಕ.

"ನೋಡಿ ಭಾವ, ನಿಮ್ಮ ಮಗಳಿಗೆ ಇದು ಬೇಕಂತೆ. ಎಲ್ಲಿಂದ ತರೋದು?"

"ನಾನು ಮಾಡಿಕೊಡ್ತೀನಿ," ಎಂದೆ. ಹೇಗೆಂದು ಯೋಚಿಸಿರಲಿಲ್ಲ.

ಬಾಗಿಲ ಹಿಂದಿನಿಂದ ಅವಳು ಈಚೆ ಬಂದಳು. "ನಿಮಗೆ ಬರುತ್ತಾ?" ಎಂದು ಕೇಳಿದಳು. ಆ ಮನೆಯ ಹಜಾರದಲ್ಲಿ ಅವಳು ತಾನಾಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಬರುತ್ತೆ ಎಂದುಬಿಟ್ಟೆ.

ಅಳತೆಗೆಂದು ಜೇಬಿನಿಂದ ದಾರ ತೆಗೆದೆ. ಅತ್ತೆ ಅಡುಗೆಮನೆಯಿಂದ ಬಂದು ನನ್ನ ಕೈ ಹಿಡಿದರು.

"ಮಕ್ಕಳ ಮೈಗೆ ದಾರ ಹಿಡೀಬಾರ್ದಪ್ಪ. ದಾರ ಹಿಡ್ದು ಅಳೆಯೋದು ಹೋದೋರ್ನ. ಇವಳ ತಾಯಿಗೆ ಹಿಡ್ದಿದ್ದು ನಾನಿನ್ನೂ ಮರ್ತಿಲ್ಲ. ಹಳೇ ಫ್ರಾಕ್ ಕೊಡ್ತೀನಿ, ಅದನ್ನ ಇಟ್ಕೊಂಡು ಮಾಡ್ಕೊಳ್ಳಿ."

ದಾರವನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ನೀಲಿ ಹೂವಿನ ಫ್ರಾಕನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೊರಟೆ.

ಕಾರ್ಖಾನೆಯಲ್ಲಿ ನನಗೊಬ್ಬ ಮೇಸ್ತ್ರಿ ಇದ್ದರು, ಅಚ್ಚಿನ ವಿಭಾಗದ ಯಜಮಾನರು. ವಿಷಯ ಹೇಳಿದ್ದಕ್ಕೆ, "ಮಣ್ಣು ಎಷ್ಟು ಬೇಕೋ ತಗೊಂಡೋಗಯ್ಯ, ಮಾಲೂರಲ್ಲಿ ಮಣ್ಣಿಗೇನು ಬರ," ಎಂದರು. ನಾನು ಹಾಕಿಕೊಂಡ ದಾರಿ ಹೀಗೆ: ಮೊದಲು ಮಗುವಿನ ಮೈಯಷ್ಟು ಒಂದು ಮಣ್ಣಿನ ಮೈ. ಅದರ ಮೇಲೆ ಅಂಟಿನಲ್ಲಿ ನೆನೆಸಿದ ಕಾಗದ, ಪದರದ ಮೇಲೆ ಪದರ. ಕಾಗದ ಒಣಗಿ ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನು ತೆಗೆದುಬಿಟ್ಟರೆ ಉಳಿಯುವುದು ಹಗುರವಾದ ಕವಚ. ನಿಜವಾದ ತಗಡಿನಲ್ಲಿ ಮಾಡಿದರೆ ಎಂಟು ವರ್ಷದ ಮಗು ಹೊರಲಾರದು, ಅಂಚು ಕೂಡ ಕೊಯ್ಯುತ್ತದೆ.

ಫ್ರಾಕಿನ ತೋಳು, ಕತ್ತನ್ನು ಹೊಲಿದು ರಾಗಿ ಹೊಟ್ಟು ತುರುಕಿದೆ. ಗಿಡಿದು ತುಂಬಿ, ಮಣೆಗೆ ಬಡಿದ ಗೂಟದ ಮೇಲೆ ನಿಲ್ಲಿಸಿದೆ. ಒಣಗುವಾಗ ಮಣ್ಣು ಕುಗ್ಗುತ್ತದಲ್ಲ, ಆ ಕುಗ್ಗುವಷ್ಟನ್ನು ಮೊದಲೇ ಸೇರಿಸಿ ದಪ್ಪನಾಗಿ ಮೆತ್ತಬೇಕು. ದಪ್ಪ ಎಲ್ಲ ಕಡೆ ಒಂದೇ ಸಮ ಬರಲೆಂದು ನಮ್ಮ ಕಸುಬಿನಲ್ಲಿ ಮೊಳೆ ಚುಚ್ಚುತ್ತೇವೆ. ಮೊಳೆಯ ತಲೆ ಮುಚ್ಚುವವರೆಗೆ ಮಣ್ಣು ಹಾಕಿದರೆ ಆಯಿತು. ಎದೆ, ಬೆನ್ನು, ಹೆಗಲು ಎಲ್ಲ ಕಡೆ ಮೊಳೆ ಚುಚ್ಚಿದೆ. ನಡುವಿನ ಗೆರೆ ತಪ್ಪದಿರಲೆಂದು ಎದೆಯ ಮೇಲೆ ಕೆಮ್ಮಣ್ಣಿನಲ್ಲಿ ಒಂದು ಗೀಟು ಎಳೆದೆ.

ಮಾರನೇ ದಿನ ಪಾಳಿ ಮುಗಿಸಿ ಬಂದಾಗ ವಠಾರದ ಹೆಂಗಸರೆಲ್ಲ ನನ್ನ ಕೋಣೆಯ ಮುಂದೆ ನಿಂತಿದ್ದರು. ಕಿಟಕಿ ಮುಚ್ಚುವುದನ್ನು ಮರೆತು ಹೋಗಿದ್ದೆ. ವಠಾರದ ಒಡತಿ, ಗಟ್ಟಿಗಿತ್ತಿ, ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದರು.

"ಒಳಗಡೆ ತಲೆ ಇಲ್ದಿರೋ ಮಗು ನಿಲ್ಸಿದೀರಲ್ಲ, ಮೈಯೆಲ್ಲ ಮೊಳೆ ಹೊಡ್ದು. ಯಾರ್ ಮಗು ಅದು?"

"ನನ್ನ ಮಗಳು," ಎಂದೆ.

ಹಾಗೆ ಹೇಳಬಾರದಿತ್ತೆಂದು ಹೇಳಿದ ಮೇಲೆ ಹೊಳೆಯಿತು. ಒಬ್ಬಾಕೆ ತನ್ನ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಒಡತಿ ದನಿ ತಗ್ಗಿಸಿ, "ಸ್ವಂತ ಮಗಳಿಗೇ ಮಾಟ ಮಾಡ್ಸೋ ಅಷ್ಟು ಏನ್ರೀ ಬಂತು ನಿಮಗೆ?" ಎಂದರು.

ನಗು ಬರಬೇಕಾದ ಹೊತ್ತು. ನನಗೆ ಬರಲಿಲ್ಲ. ಒಳಗೆ ಕರೆದು ವಾರಪತ್ರಿಕೆಯ ಪುಟ ತೋರಿಸಿದೆ, ಅಚ್ಚಿನ ಕೆಲಸ ವಿವರಿಸಿದೆ, ಮೊಳೆಗಳನ್ನು ಅವರ ಮುಂದೆಯೇ ಒಂದೊಂದಾಗಿ ಕಿತ್ತೆ. ಮೊಳೆ ಕಿತ್ತ ತೂತುಗಳನ್ನು ಚಿಟಿಕೆ ಹಸಿ ಮಣ್ಣಿನಲ್ಲಿ ಮುಚ್ಚುವುದನ್ನು ಒಡತಿ ಬಹಳ ಹೊತ್ತು ನೋಡುತ್ತ ನಿಂತರು. ಕೊನೆಗೆ ಮನೆಯಿಂದ ಕುಂಕುಮ ತಂದು, ಹಣೆಯಿಲ್ಲದ ಕಾರಣ ಕತ್ತಿನ ಬುಡದಲ್ಲಿ ಇಟ್ಟರು. "ಇರ್ಲಿ. ಆದ್ರೆ ಮೊಳೆ ಗಿಳೆ ಬೇಡ," ಎಂದು ಹೋದರು.

ಮೊಳೆಯಿಲ್ಲದೆ ಬರೀ ಕೈಯ ಅಂದಾಜಿನಲ್ಲಿ ಮಣ್ಣು ಮೆತ್ತಬೇಕಾಯಿತು. ಅದರಿಂದ ಒಳ್ಳೆಯದೇ ಆಯಿತೋ ಏನೋ. ಹೆಗಲನ್ನು ತೀಡುವಾಗ ಕೈ ತನ್ನಷ್ಟಕ್ಕೆ ಮೆತ್ತಗಾಗುತ್ತಿತ್ತು. ಮಗುವಿನ ಭುಜದ ಮೂಳೆ ಎಲ್ಲಿ ಏಳುತ್ತದೆ, ಬೆನ್ನು ಎಲ್ಲಿ ಒಳಗೆ ಹೋಗುತ್ತದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಿಗೆ ಬಂದದ್ದು ಎರಡು ವರ್ಷದ ಮಗುವಿನ ಬೆನ್ನು. ಅದಾದ ಮೇಲೆ ನಾನು ಅವಳನ್ನು ಎತ್ತಿಕೊಂಡಿರಲಿಲ್ಲ. ಹೊರಗಿನಿಂದ ಬಂದವನು ಮುಟ್ಟಿದರೆ ಹೆದರುತ್ತಾಳೆಂದು ಕೈ ಕಟ್ಟಿಕೊಂಡೇ ಕೂರುತ್ತಿದ್ದೆ.

ಮೊದಲ ಸಲ ಕಾಗದ ಅಂಟಿಸಿದ್ದು ಮೈದಾ ಗಂಜಿಯಲ್ಲಿ. ಇಲಿಗಳು ಎಡ ಹೆಗಲನ್ನು ಪೂರ್ತಿ ತಿಂದು ಹಾಕಿದವು. ಎಲ್ಲ ಸುಲಿದು ತೆಗೆದು, ಹುಣಸೆ ಬೀಜ ಹುರಿದು ಬೀಸಿ ಕುದಿಸಿ ಅಂಟು ಮಾಡಿ, ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸಿದೆ. ಇಲಿ ಮೂಸಿ ನೋಡಿ ಬಿಟ್ಟಿತು. ಪ್ಲಾಸ್ಟರ್ ಚೀಲದ ಕಂದು ಕಾಗದ ಒಂದು ಪದರ, ಪತ್ರಿಕೆಯ ಕಾಗದ ಒಂದು ಪದರ, ಒಂದು ಅಡ್ಡ, ಒಂದು ಉದ್ದ. ಒಂದು ಪದರ ಒಣಗದೆ ಇನ್ನೊಂದು ಹಾಕಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಮಾಲೂರಿನ ಆ ಚಳಿಗೆ, ಮಂಜಿಗೆ, ಒಣಗುವುದೇ ನಿಧಾನ. ಭಾನುವಾರ ಅದನ್ನು ಅಂಗಳದ ಬಿಸಿಲಿಗೆ ಇಟ್ಟರೆ ಒಡತಿ ಕಾಗೆ ಓಡಿಸುತ್ತ ಕೂರುತ್ತಿದ್ದರು.

"ನಿಮ್ಮ ಮಗಳನ್ನ ಒಳಗೆ ತಗೊಳ್ರಿ, ಬಿಸ್ಲು ಹೋಯ್ತು," ಎಂದು ಕೂಗಿ ಹೇಳುತ್ತಿದ್ದರು. ಆ ವಠಾರದಲ್ಲಿ ನನಗೊಬ್ಬ ಮಗಳಿದ್ದಾಳೆಂಬುದು ಹಾಗೆ ಎಲ್ಲರಿಗೂ ತಿಳಿಯಿತು. ನಾನೂ ಸಂಜೆ ಬೀಗ ತೆಗೆದು ಒಳಗೆ ಬರುವಾಗ ಮೊದಲು ಆ ಮೂಲೆ ನೋಡುವ ಅಭ್ಯಾಸ ಮಾಡಿಕೊಂಡಿದ್ದೆ. ಒಬ್ಬನೇ ಉಣ್ಣುವಾಗ ಅದಕ್ಕೆ ಬೆನ್ನು ಹಾಕಿ ಕೂರಲು ಮನಸ್ಸಾಗುತ್ತಿರಲಿಲ್ಲ.

ಶಿರಸ್ತ್ರಾಣವನ್ನು ಮಡಕೆಯ ಮೇಲೆ ಕಾಗದ ಅಂಟಿಸಿ ತೆಗೆದೆ. ಕಣ್ಣಿನ ಕಪ್ಪು ಗಾಜಿಗೆ ಹಳೆಯ ಎಕ್ಸ್‌ರೇ ಹಾಳೆಯಾದೀತು ಅನ್ನಿಸಿತು. ಮನೆಯಲ್ಲಿದ್ದ ಒಂದೇ ಎಕ್ಸ್‌ರೇ ಅವಳ ತಾಯಿಯದು. ಪೆಟ್ಟಿಗೆಯಿಂದ ತೆಗೆದೆ, ಕತ್ತರಿಯನ್ನೂ ತೆಗೆದೆ, ಆಮೇಲೆ ಎರಡನ್ನೂ ಹಾಗೇ ಒಳಗಿಟ್ಟೆ. ಮೇಸ್ತ್ರಿ ತಮ್ಮ ಮೊಣಕಾಲಿನ ಎಕ್ಸ್‌ರೇ ತಂದುಕೊಟ್ಟರು. "ಡಾಕ್ಟ್ರಂತೂ ಇದ್ರಲ್ಲಿ ಏನೂ ಕಾಣ್ಲಿಲ್ಲ ಅಂದ್ರು, ನಿನ್ನ ಮಗಳಿಗಾದ್ರೂ ಏನಾದ್ರೂ ಕಾಣ್ಲಿ," ಎಂದರು.

ಕೊನೆಯ ಪದರ ಒಣಗಿತು. ಬಡಿದರೆ ಟಣ್ ಎನ್ನುತ್ತಿತ್ತು. ಇನ್ನು ಒಳಗಿನ ಮಣ್ಣು ತೆಗೆಯಬೇಕು. ಕೆಳಗಿನಿಂದ ಫ್ರಾಕು ಕೊಯ್ದು ಹೊಟ್ಟು ಸುರಿದುಬಿಟ್ಟೆ. ಮಣ್ಣನ್ನು ಮಾತ್ರ ಉಳಿಯಿಂದ ಒಡೆದೇ ತೆಗೆಯಬೇಕಿತ್ತು. ದಿನಕ್ಕೆ ಎಷ್ಟೋ ಅಚ್ಚು ಒಡೆಯುವ ಕೈ ಅದು. ಅವತ್ತು ಏಳಲಿಲ್ಲ. ಒಂದು ವಾರ ಹಾಗೇ ಬಿಟ್ಟೆ. ಮೇಸ್ತ್ರಿ, ಹಬ್ಬ ಮುಗಿದ ಮೇಲೆ ವೇಷ ಹಾಕ್ತೀಯೇನಯ್ಯ ಎಂದು ಗದರಿದ ಮೇಲೆ, ಮುಖ ಆಚೆ ತಿರುಗಿಸಿಕೊಂಡು ಒಡೆದೆ. ಚೂರುಗಳನ್ನು ಕಾರ್ಖಾನೆಗೆ ವಾಪಸ್ಸು ಕೊಂಡುಹೋಗಿ ಮಣ್ಣಿನ ಗುಂಡಿಗೆ ಹಾಕಿದೆ. ಯಾರದೋ ಮನೆಯ ಮೇಲೆ ಹೆಂಚಾಗಿರಬೇಕು.

ಹೊಗೆಕೊಳವೆಗೆ ಬಳಿದು ಮಿಕ್ಕಿದ್ದ ಬೆಳ್ಳಿ ಬಣ್ಣ ಬಳಿದೆ. ಅಂಗಿಯ ಗುಂಡಿಗಳನ್ನು ಸಾಲಾಗಿ ಅಂಟಿಸಿ ತಿರುಪಿನಂತೆ ಕಾಣಿಸಿದೆ. ಮೊಣಕೈಗೆ, ಮೊಣಕಾಲಿಗೆ ಬಿಡಿ ಕಾಪುಗಳು, ಅವಕ್ಕೆ ಸೈಕಲ್ ಟ್ಯೂಬಿನ ಪಟ್ಟಿ. ಸುಳ್ಳು ಯಾಕೆ, ಮುಗಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಡತಿ ಬಂದು ಮುಟ್ಟಿ ನೋಡಿ, "ಹುಡುಗಿ ಬಿಡಲ್ಲ ನಿಮ್ಮನ್ನ ಇನ್ಮೇಲೆ," ಎಂದರು.

ಗೋಣಿಚೀಲದಲ್ಲಿ ಹಳೆ ಪಂಚೆ ಸುತ್ತಿ ಕವಚವನ್ನು ಇಟ್ಟುಕೊಂಡು ಹೊರಟೆ. ಕೋಲಾರದಿಂದ ಮುಳಬಾಗಿಲಿಗೆ ಸೀಟು ಸಿಗದೆ ಅದನ್ನು ಎದೆಗವಚಿಕೊಂಡೇ ನಿಂತೆ. ಉತ್ಸವಕ್ಕೆ ಇನ್ನು ಎರಡೇ ದಿನವಿತ್ತು. ಹಜಾರದಲ್ಲಿ ಚೀಲ ಬಿಚ್ಚಿದಾಗ ಮನೆಯವರೆಲ್ಲ ಸೇರಿದರು. ಮಗಳ ಕಣ್ಣು ಅರಳಿದ್ದನ್ನು ನೋಡಿದೆ. ಎರಡೂ ಕೈ ಮೇಲೆತ್ತಿ ತಲೆಯ ಮೇಲಿಂದ ಇಳಿಸಿಕೊಳ್ಳಲು ಹೋದಳು.

ಕವಚ ಹೆಗಲಿನ ಹತ್ತಿರ ಸಿಕ್ಕಿಕೊಂಡಿತು. ಭಾಮೈದ ಮೆಲ್ಲಗೆ ಎಳೆದು ನೋಡಿದ. ಇಳಿಯಲಿಲ್ಲ. ಬೆಳ್ಳಿಯ ಡಬ್ಬದೊಳಗೆ ಮುಖ ಮುಚ್ಚಿಹೋಗಿ, ಎರಡು ಕೈ ಮಾತ್ರ ಮೇಲೆ ಆಡುತ್ತಿದ್ದವು. ಹಿಂದಕ್ಕೆ ತೆಗೆದಾಗ ಅವಳ ಕಿವಿ ಕೆಂಪಾಗಿತ್ತು.

"ಅವ್ವಾ, ಇದಿ ಚಿನ್ನದಿ," ಎಂದಳು. ಇದು ಚಿಕ್ಕದು ಎಂದು. ಹೇಳಿದ್ದು ಅಜ್ಜಿಗೆ, ನನಗಲ್ಲ.

ಅತ್ತೆ ಕೆನ್ನೆಗೆ ಕೈ ಹಚ್ಚಿದರು. "ಹಳೇದು ಅಂತ ಕೊಟ್ನಲ್ಲ, ಅದು ಹೋದ ಯುಗಾದೀದು. ಆವಾಗ್ಲೇ ಬಿಗಿ ಆಗಿತ್ತು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಗೊತ್ತಿರಬೇಕಿತ್ತು. ಒಣಗಿ ಕುಗ್ಗುವುದಕ್ಕೆ ಇಷ್ಟು, ಬಣ್ಣಕ್ಕೆ ಇಷ್ಟು, ಒಳಗಿನ ಅಂಗಿಗೆ ಇಷ್ಟು ಎಂದು ಎಲ್ಲಕ್ಕೂ ಜಾಗ ಬಿಟ್ಟಿದ್ದೆ. ಮಗು ಬೆಳೆಯುತ್ತದೆ ಎಂಬುದಕ್ಕೆ ಬಿಟ್ಟಿರಲಿಲ್ಲ. ನಾನು ಕೈಯಾರೆ ಮಾಡಿದ್ದೆಲ್ಲವೂ ಅಲ್ಲಿಯವರೆಗೆ ಕುಗ್ಗುತ್ತಲೇ ಬಂದಿತ್ತು. ಬೆಳೆಯುವ ವಸ್ತುವಿಗೆ ಅಚ್ಚು ತೆಗೆದು ನನಗೆ ಗೊತ್ತಿರಲಿಲ್ಲ. ತಿಂಗಳಿಗೊಮ್ಮೆ ಎದುರಿಗೇ ಕೂತು ಹೋಗುತ್ತಿದ್ದೆ, ಅವಳು ಬೆಳೆದದ್ದನ್ನು ನೋಡಿರಲಿಲ್ಲ. ನಾಚಿಕೆ, ದುಃಖ ಎರಡೂ ಒಟ್ಟಿಗೆ ಬಂದವು.

ಭಾಮೈದ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ಹೋಗ್ಲಿ ಬಿಡಿ ಭಾವ. ನಾಳೆ ಕೋಲಾರದಿಂದ ರಾಣಿ ವೇಷ ಬಾಡಿಗೆಗೆ ತರ್ತೀನಿ. ನೀವು ಊಟ ಮಾಡಿ ಸಾಯಂಕಾಲದ ಬಸ್ಸಿಗೆ ಹೊರಡಿ, ಡ್ಯೂಟಿ ಇರುತ್ತೆ."

ಯಾವಾಗಲೂ ಹೊರಡುತ್ತಿದ್ದ ಬಸ್ಸು ಅದೇ. ಚೀಲದ ಬಾಯಿ ಕಟ್ಟಿಕೊಂಡು ಎದ್ದೂ ನಿಂತೆ. ಮಗಳು ಬಾಗಿಲ ಹಿಂದೆ ಹೋಗಿ ನಿಂತಿದ್ದಳು, ಆದರೆ ಕವಚವನ್ನೇ ನೋಡುತ್ತಿದ್ದಳು. ನಾನು ಮತ್ತೆ ಕೂತೆ.

"ಮನೇಲಿ ಗರಗಸದ ಬ್ಲೇಡ್ ಇದೆಯಾ?" ಎಂದು ಕೇಳಿದೆ. "ನಾನು ಉತ್ಸವ ಮುಗಿಸಿಕೊಂಡೇ ಹೋಗ್ತೀನಿ."

ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ ನಾನು ಉಳಿದುಕೊಂಡದ್ದಿಲ್ಲ. ಅತ್ತೆ ಒಳಗೆ ಹೋಗಿ ಅಕ್ಕಿ ಜಾಸ್ತಿ ಹಾಕಿದರು.

ಅಷ್ಟು ದಿನ ಪದರ ಪದರವಾಗಿ ಕಟ್ಟಿದ್ದನ್ನು ಜಗಲಿಯ ಮೇಲೆ ಕೂತು ಕೊಯ್ದೆ. ಎರಡು ಪಕ್ಕೆ, ಎರಡು ಹೆಗಲು. ಬೆಳ್ಳಿಯ ಬಣ್ಣ ಪುಡಿಪುಡಿಯಾಗಿ ಉದುರಿ ಒಳಗಿನ ಪತ್ರಿಕೆಯ ಅಕ್ಷರ ಕಾಣಿಸಿತು. ಎದೆಯದೊಂದು, ಬೆನ್ನಿನದೊಂದು ಎರಡು ಹೋಳಾದವು. ನಡುವೆ ಎಷ್ಟು ಸಂದು ಬಿಡಬೇಕೆಂದು ತಿಳಿಯಬೇಕಾದರೆ ಅವಳ ಮೈಗೆ ಹಿಡಿದೇ ನೋಡಬೇಕು. ದಾರ ಮುಟ್ಟುವಂತಿಲ್ಲ.

"ಬಾರಮ್ಮ," ಎಂದೆ. ಮಂಡಿಯೂರಿ ಕೂತೆ. ಅವಳು ಬಂದು ಕೈ ಎರಡೂ ಪಕ್ಕಕ್ಕೆ ಚಾಚಿ ನಿಂತಳು. ಎದೆಯ ಹೋಳನ್ನು ಅವಳೇ ಹಿಡಿದುಕೊಂಡಳು. ಬೆನ್ನಿನದನ್ನು ನಾನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳು ಜೋಡಿಸಿ ಸಂದಿಗೆ ಇಟ್ಟೆ. ಬೆರಳಿನ ಕೆಳಗೆ ಅವಳ ಪಕ್ಕೆ ಉಸಿರಿಗೆ ಏಳುತ್ತ ಇಳಿಯುತ್ತ ಇತ್ತು. ನಾನು ಮಾಡಿದ್ದ ಮಣ್ಣಿನ ಮೈಗೆ ಅದಿರಲಿಲ್ಲ.

"ಮೂರು ಬೆರಳು," ಎಂದೆ.

"ನಿಮ್ಮ ಬೆರಳು ದಪ್ಪ," ಎಂದಳು. ತನ್ನ ಕೈ ಇಟ್ಟು ನೋಡಿ, "ನಂದಾದ್ರೆ ಐದು," ಎಂದಳು.

ಪೇಟೆಯಲ್ಲಿ ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ ಅಂಚಿನುದ್ದಕ್ಕೂ ತೂತು ಹೊಡೆಸಿ, ಬೂಟಿಗೆ ಹಾಕುವ ಹಿತ್ತಾಳೆ ಬಳೆ ಕೂರಿಸಿಕೊಂಡು ಬಂದೆ. ಸಂದು ಕಾಣದಂತೆ ಒಳಗೆ ಕಪ್ಪು ಬಟ್ಟೆ ಹಾಕಿ, ಬೂಟಿನ ಲೇಸಿನಲ್ಲಿ ಹೆಣೆದು ಬಿಗಿಯುವ ಹಾಗೆ ಮಾಡಿದೆ. ಕೊಯ್ದ ಅಂಚಿಗೆ ಕಾಗದ ಅಂಟಿಸುವಾಗ ಅವಳು ಅಂಟಿನ ಬಟ್ಟಲು ಹಿಡಿದು ಕೂತಳು. ಕೈ ಕೆಲಸದಲ್ಲಿದ್ದರೆ ನನಗೆ ಬಾಯಿ ಬರುತ್ತದೆ. ವಠಾರದ ಒಡತಿಯ ಕತೆ ಹೇಳಿದೆ, ಮೊಳೆ, ಕುಂಕುಮ, ಕಾಗೆ, ಎಲ್ಲ. ಅವಳು ಬಟ್ಟಲು ಕೆಳಗಿಟ್ಟು ನಕ್ಕಳು. ಆ ನಗು ಅವಳ ತಾಯಿಯದಲ್ಲ, ನನ್ನದೂ ಅಲ್ಲ, ಅವಳದ್ದೇ. ಅದನ್ನು ಮೊದಲ ಸಲ ಕೇಳಿದೆ.

ಉತ್ಸವದಲ್ಲಿ ಬಹುಮಾನ ಭಾರತಮಾತೆಗೆ ಹೋಯಿತು. ನನ್ನ ಮಗಳು ರಂಗದ ಆ ತುದಿಯಿಂದ ಈ ತುದಿಗೆ ನಡೆದಳು, ಎದೆಗೆ ಬಡಿದು ಟಣ್ ಎನ್ನಿಸಿದಳು, ಮಕ್ಕಳು ಹೋ ಎಂದರು. ಉಸಿರಿಗೆ ಕಣ್ಣಿನ ಮುಂದಿನ ಎಕ್ಸ್‌ರೇ, ಮೇಸ್ತ್ರಿಯ ಮೊಣಕಾಲು, ಮಂಜಾಗಿ, ಮೆಟ್ಟಿಲು ಕಾಣದೆ ತಡಕಾಡಿದಳು. ಭಾಮೈದ ಕೆಳಗಿನಿಂದ ಕೈ ಚಾಚಿ ಇಳಿಸಿಕೊಂಡ. ನಾನು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ಅವಳು ಅವನ ಕೈ ಹಿಡಿದೇ ಮನೆಯ ಕಡೆ ನಡೆದಳು, ಸುತ್ತ ಮಕ್ಕಳ ಗುಂಪು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹಿಂದೆ ಹೋದೆ. ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು.

ಮನೆಗೆ ಬಂದ ಮೇಲೆ ಅತ್ತೆ ಲೇಸು ಬಿಚ್ಚಲು ಹೋದರು. ಗಂಟು ಸಿಕ್ಕಾಗಿತ್ತು. ಮಗಳು ಜಗಲಿಗೆ ಬಂದು ನನ್ನ ಮುಂದೆ ಬೆನ್ನು ತಿರುಗಿಸಿ ನಿಂತಳು. ಬೆವರಿನಿಂದ ಲೇಸು ಒದ್ದೆಯಾಗಿತ್ತು. ಉಗುರಿನಿಂದ ಬಿಡಿಸುತ್ತ ಕೂತೆ.

"ಆ ಮಣ್ಣಿನ ಹುಡುಗಿ ಈಗ ಎಲ್ಲಿದಾಳೆ?" ಎಂದು ಕೇಳಿದಳು.

"ಇಲ್ಲ. ಒಡೆದುಹಾಕಿದೆ. ಒಡೀದೇ ಇದ್ರೆ ಕವಚ ಬರ್ತಿರಲಿಲ್ಲ."

ಒಂದು ಪಕ್ಕದ ಲೇಸು ಪೂರ್ತಿ ಬಿಚ್ಚಿಕೊಂಡಿತು.

"ಇನ್ನೊಂದು ಮಾಡಿ," ಎಂದಳು. "ಈ ಸಲ ನನ್ನ ನೋಡ್ಕೊಂಡು ಮಾಡಿ."

"ಹಾಗಾದ್ರೆ ನೀನು ಮಾಲೂರಿಗೆ ಬರಬೇಕಾಗುತ್ತೆ. ಮಣ್ಣಿರೋದು ಅಲ್ಲಿ." ನನ್ನ ದನಿ ನನಗೇ ಕೇಳಿಸಲಿಲ್ಲ. "ರಜಕ್ಕೆ ಕರ್ಕೊಂಡು ಹೋಗ್ತೀನಿ ಅಂತ ನಿಮ್ಮ ಅಜ್ಜಿನ ಕೇಳಲಾ?"

ಅವಳು ಮೊಣಕೈಯ ಕಾಪುಗಳನ್ನು ಕಳಚಿ ನನ್ನ ತೊಡೆಯ ಮೇಲಿಟ್ಟಳು. "ನೀವು ಕೇಳ್ಬೇಡಿ. ನಾನೇ ಹೇಳ್ತೀನಿ," ಎಂದು ಅರ್ಧ ಬಿಚ್ಚಿದ ಕವಚ ಇನ್ನೂ ಮೈಗೆ ನೇತಾಡುತ್ತಿದ್ದ ಹಾಗೆಯೇ ಅಡುಗೆಮನೆಗೆ ಹೋದಳು.